ಬಸಿಗಾಲುವೆ ಇದ್ದರೂ ಬೇಸ್ಮೆಂಟ್ ಒದ್ದೆ: ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ

ಅಮೆರಿಕದ ಚಳಿ ಸೀಮೆಗೆ ಬಂದು ಮನೆ ಕೊಂಡ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಬೇಸ್ಮೆಂಟ್ ಹೊಸ ಅನುಭವ. ಇಲ್ಲಿ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಪಾಯ ಇಳಿಸಲೇಬೇಕು. ಷಿಕಾಗೋದಲ್ಲಿ ಆ ಆಳ 42 ಇಂಚು. ಹೇಗೂ ಅಷ್ಟು ಅಗೆಯಬೇಕಲ್ಲ, ಇನ್ನೊಂದಿಷ್ಟು ಅಗೆದರೆ ಇಡೀ ಮಹಡಿಯೇ ಸಿಗುತ್ತದೆ ಎಂಬ ಲೆಕ್ಕಾಚಾರದಲ್ಲಿ ಕಟ್ಟಿದ ಮನೆಗಳು ಇವು. ಮಕ್ಕಳ ಆಟದ ಕೋಣೆ, ಊರಿಂದ ಬಂದ ಅಪ್ಪ ಅಮ್ಮನಿಗೆ ಮಲಗುವ ಕೋಣೆ, ಕೆಲವರಿಗೆ ಆಫೀಸು, ಎಲ್ಲವೂ ಅಲ್ಲೇ. ಹಾಗಾಗಿ ಅಲ್ಲಿ ನೀರು ಬಂದರೆ ಗಾಬರಿಯಾಗುವುದು ಸಹಜ. ಒಳಗೆ ಡ್ರೇನ್ ಹಾಕಿಸಿ ಸಾವಿರಾರು ಡಾಲರ್ ಖರ್ಚು ಮಾಡಿದ ಮೇಲೂ ನೀರು ಬಂದರೆ ಇನ್ನೂ ಹೆಚ್ಚು. ಅಂಥ ಹೊತ್ತಿನಲ್ಲಿ ಮನೆಯವರು ತಾವೇ ಏನನ್ನು ನೋಡಬಹುದು, ಯಾವುದಕ್ಕೆ ಯಾರನ್ನು ಕರೆಯಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಈ ಒಳ ಬಸಿಗಾಲುವೆಯನ್ನು ಇಲ್ಲಿನ ಕಾಂಟ್ರಾಕ್ಟರುಗಳು ಡ್ರೇನ್ ಟೈಲ್ ಎನ್ನುತ್ತಾರೆ, ಇಂಟೀರಿಯರ್ ಫ್ರೆಂಚ್ ಡ್ರೇನ್ ಎನ್ನುವವರೂ ಇದ್ದಾರೆ. ಗೋಡೆಯ ಬುಡದುದ್ದಕ್ಕೂ ಸುಮಾರು ಒಂದಡಿ ಅಗಲಕ್ಕೆ ಕಾಂಕ್ರೀಟ್ ನೆಲ ಒಡೆದು, ಗೋಡೆಯನ್ನು ಹೊತ್ತ ಅಗಲದ ಕಾಂಕ್ರೀಟ್ ಪಟ್ಟಿಯ, ಅಂದರೆ ಫೂಟಿಂಗ್, ಪಕ್ಕದಲ್ಲಿ ತೂತುಗಳಿರುವ 4 ಇಂಚಿನ ಪೈಪ್ ಮಲಗಿಸಿ, ಸುತ್ತ ತೊಳೆದ ಜಲ್ಲಿ ತುಂಬಿ, ಮೇಲೆ ಮತ್ತೆ ಕಾಂಕ್ರೀಟ್ ಹಾಕುತ್ತಾರೆ. ಪೈಪ್ ಇಳಿಜಾರಾಗಿ ಒಂದು ಮೂಲೆಯ ಸಂಪ್ ಗುಂಡಿಗೆ ಬರುತ್ತದೆ. ಗುಂಡಿಯೊಳಗೆ ಪಂಪ್, ಅದರಿಂದ ಒಂದೂವರೆ ಇಂಚಿನ ಪಿವಿಸಿ ಪೈಪ್ ಗೋಡೆ ದಾಟಿ ಅಂಗಳಕ್ಕೆ. ಅಡಿಕೆ ತೋಟದಲ್ಲಿ ಸಾಲುಗಳ ನಡುವೆ ಬಸಿಗಾಲುವೆ ತೆಗೆಯುವುದು ಬೇರಿನ ಬಳಿ ನೀರು ನಿಲ್ಲದಿರಲಿ ಎಂದು. ಅದರಿಂದ ಮಳೆ ನಿಲ್ಲುತ್ತದೆಂದು ಯಾರೂ ಎಣಿಸುವುದಿಲ್ಲ. ಇದೂ ಹಾಗೆಯೇ. ನೀರು ಗೋಡೆಯವರೆಗೆ ಬರುತ್ತದೆ, ಬಂದೇ ಬರುತ್ತದೆ. ಬಂದ ನೀರಿಗೆ ನೆಲದ ಮೇಲೆ ಏಳುವುದಕ್ಕಿಂತ ಸುಲಭದ ಹಾದಿಯೊಂದನ್ನು ಕೊಡುವುದಷ್ಟೇ ಇದರ ಕೆಲಸ. ಹಾಗಾಗಿ ಬೇಸ್ಮೆಂಟ್ ಒದ್ದೆಯಾಯಿತೆಂದರೆ ಗೋಡೆ, ಪೈಪ್, ಗುಂಡಿ, ಪಂಪ್, ಹೊರಪೈಪ್ ಇವುಗಳಲ್ಲಿ ಎಲ್ಲೋ ಒಂದು ಕಡೆ ಆ ಹಾದಿ ಕಟ್ಟಿದೆ, ಇಲ್ಲವೇ ನೀರು ಈ ಹಾದಿಗೆ ಸಂಬಂಧವೇ ಇಲ್ಲದ ಕಡೆಯಿಂದ ಬರುತ್ತಿದೆ. ಇದನ್ನು ಬೇರ್ಪಡಿಸಿಕೊಳ್ಳದೆ ಹೊಸ ಪಂಪ್ ಕೊಳ್ಳುವುದು, ಗೋಡೆಗೆ ಬಣ್ಣ ಬಳಿಯುವುದು, ಇನ್ನೊಂದು ಕಂಪನಿಗೆ ಮುಂಗಡ ಕೊಡುವುದು ಎಲ್ಲವೂ ದಂಡ.

ಹುಡುಕಾಟಕ್ಕೆ ಮೊದಲು ಒಂದು ಎಚ್ಚರಿಕೆ. ನೀರು ಪ್ಲಗ್ ಪಾಯಿಂಟ್ ಮಟ್ಟಕ್ಕೆ ಬಂದಿದ್ದರೆ, ಅಥವಾ ವಾಷಿಂಗ್ ಮೆಷೀನು, ಫರ್ನೇಸ್, ಎಕ್ಸ್‌ಟೆನ್ಷನ್ ವೈರು ನೀರಿನಲ್ಲಿದ್ದರೆ ಕೆಳಗಿಳಿಯಬೇಡಿ. ಬ್ರೇಕರ್ ಪ್ಯಾನೆಲ್ ಒಣ ಜಾಗದಲ್ಲಿದ್ದು ಒಣ ಕಾಲಿನಲ್ಲಿ ಮುಟ್ಟಲು ಆಗುವುದಾದರೆ ಮಾತ್ರ ಮೇನ್ ಆಫ್ ಮಾಡಿ. ಪ್ಯಾನೆಲ್ಲೂ ಬೇಸ್ಮೆಂಟಿನಲ್ಲೇ ಇದ್ದು ನೀರು ದಾಟಿಯೇ ಹೋಗಬೇಕೆಂದರೆ ವಿದ್ಯುತ್ ಕಂಪನಿಗೆ ಫೋನ್ ಮಾಡಿ ಮೇಲೆಯೇ ಕಾಯಿರಿ. ಕೆಳಗಿರುವ ಸಾಮಾನು ಎಷ್ಟೇ ಬೆಲೆಯದಾಗಿರಲಿ.

ನೀರು ಬಂದ ಹೊತ್ತು ಬರೆದಿಡಿ

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಸುಳಿವು ಕೊಡುವುದು ನೀರು ಯಾವಾಗ ಬಂತು ಎಂಬ ಒಂದೇ ಮಾಹಿತಿ. ಇದಕ್ಕೆ ಯಾವ ಉಪಕರಣವೂ ಬೇಡ. ಮಳೆ ಶುರುವಾದದ್ದು ಎಷ್ಟು ಹೊತ್ತಿಗೆ, ನೆಲದ ಮೇಲೆ ತೇವ ಕಂಡದ್ದು ಎಷ್ಟು ಹೊತ್ತಿಗೆ, ಯಾವ ಗೋಡೆಯ ಬಳಿ, ಗುಂಡಿಯಲ್ಲಿ ಆಗ ಎಷ್ಟು ನೀರಿತ್ತು, ಇಷ್ಟನ್ನು ಬರೆದುಕೊಂಡು ಫೋನಿನಲ್ಲಿ ಫೋಟೋ ತೆಗೆದಿಡಿ.

ಜೋರು ಮಳೆ ಬಂದು ಒಂದೆರಡು ಗಂಟೆಯೊಳಗೆ ನೀರು ಕಂಡರೆ ಅದು ಮೇಲ್ಮೈ ನೀರು. ಸೂರಿನ ಗಟರ್ ತುಂಬಿ ಗೋಡೆಯ ಬುಡಕ್ಕೇ ಸುರಿಯುತ್ತಿದೆ, ಗಟರಿನ ನೀರನ್ನು ಕೆಳಗಿಳಿಸುವ ಡೌನ್‌ಸ್ಪೌಟ್ ಬಾಯಿ ಪಾಯದ ಪಕ್ಕದಲ್ಲೇ ಇದೆ, ಅಥವಾ ಬೇಸ್ಮೆಂಟ್ ಕಿಟಕಿಯ ಹೊರಗಿನ ಬಾವಿಯಂಥ ಜಾಗ, ಅಂದರೆ ವಿಂಡೋ ವೆಲ್, ತುಂಬಿಕೊಂಡಿದೆ. ಮಳೆ ನಿಂತು ಒಂದು ದಿನ, ಎರಡು ದಿನ ಕಳೆದ ಮೇಲೆ ನಿಧಾನವಾಗಿ ಗೋಡೆ ಮತ್ತು ನೆಲ ಸೇರುವ ಸಂದಿನಲ್ಲಿ ಒಸರತೊಡಗಿದರೆ ಅಂತರ್ಜಲ ಏರಿದೆ ಎಂದರ್ಥ. ಬಸಿಗಾಲುವೆ ನಿಭಾಯಿಸಬೇಕಾದದ್ದು ಇದನ್ನೇ. ಮಾರ್ಚ್, ಏಪ್ರಿಲ್‌ನಲ್ಲಿ ಮಳೆಯಿಲ್ಲದಿದ್ದರೂ ಹಿಮ ಕರಗಿ ಹೀಗಾಗುತ್ತದೆ. ಮೇಲಿನ ಮಣ್ಣು ಇನ್ನೂ ಹೆಪ್ಪುಗಟ್ಟಿದ್ದರೆ ಕರಗಿದ ನೀರು ಕೆಳಗಿಳಿಯಲಾರದೆ ಮನೆಯ ಕಡೆಗೆ ಜಾರುತ್ತದೆ.

ಮಳೆಗೂ ಹಿಮಕ್ಕೂ ಸಂಬಂಧವೇ ಇಲ್ಲದೆ ವರ್ಷವಿಡೀ ಒಂದೇ ಜಾಗ ಒದ್ದೆಯಿದ್ದರೆ ನಿಮ್ಮದೇ ಮನೆಯ ನೀರಿನ ಪೈಪನ್ನು ಅನುಮಾನಿಸಿ. ಮನೆಯ ಎಲ್ಲ ನಲ್ಲಿ ಮುಚ್ಚಿ, ಟಾಯ್ಲೆಟ್ ಫ್ಲಶ್ ಮಾಡದೆ, ನೀರಿನ ಮೀಟರಿನ ಅಂಕಿ ಬರೆದಿಟ್ಟು ಒಂದು ಗಂಟೆ ಬಿಟ್ಟು ನೋಡಿ. ಮುಳ್ಳು ಸರಿದಿದ್ದರೆ ಪ್ಲಂಬರನ್ನು ಕರೆಯಿರಿ. ಮೀಟರಿಗಿಂತ ಮುಂಚಿನ, ರಸ್ತೆಯಿಂದ ಬರುವ ಪೈಪ್ ಸೋರುತ್ತಿದ್ದರೆ ಮೀಟರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಗುಂಡಿಯ ನೀರನ್ನು ಈಜುಕೊಳಕ್ಕೆ ಬಳಸುವ ಕ್ಲೋರಿನ್ ಪಟ್ಟಿಯಿಂದ ಪರೀಕ್ಷಿಸಬಹುದು. ಕ್ಲೋರಿನ್ ಕಂಡರೆ ಅದು ನಗರದ ನೀರು. ಕಾಣದಿದ್ದರೆ ಮಾತ್ರ ತೀರ್ಮಾನಕ್ಕೆ ಬರಬೇಡಿ, ಮಣ್ಣಿನಲ್ಲಿ ಸಾಗುವಾಗ ಕ್ಲೋರಿನ್ ಹಾರಿಹೋಗಿರಬಹುದು.

ಸೋರಿಕೆಯೋ, ಗಾಳಿಯ ತೇವವೋ

ಜುಲೈ, ಆಗಸ್ಟ್‌ನಲ್ಲಿ ಮಾತ್ರ ಗೋಡೆಯ ಕೆಳಭಾಗ ಒದ್ದೆ, ಮುಗ್ಗಲು ವಾಸನೆ, ಗುಂಡಿ ಮಾತ್ರ ಒಣ. ಇದು ಸೋರಿಕೆಯೇ ಅಲ್ಲದಿರಬಹುದು. ನ್ಯೂಜೆರ್ಸಿಯ ಬೇಸಿಗೆಯಲ್ಲಿ ಹೊರಗಿನ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ತೇವ ನೀರಾಗುವ ಉಷ್ಣತೆ, 70 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಹೋಗುತ್ತದೆ. ಮಣ್ಣಿಗೆ ತಾಗಿದ ಕಾಂಕ್ರೀಟ್ ಅದಕ್ಕಿಂತ ತಣ್ಣಗಿರುತ್ತದೆ. ಆ ಗಾಳಿ ಒಳಗೆ ಬಂದು ತಣ್ಣನೆಯ ಗೋಡೆ ತಾಕಿದ ಕೂಡಲೇ ನೀರಾಗುತ್ತದೆ. ಗಾಳಿಯಾಡಲಿ ಎಂದು ಬೇಸ್ಮೆಂಟ್ ಕಿಟಕಿ ತೆರೆದಿಡುವುದು ನಮ್ಮವರ ರೂಢಿ. ಬೇಸಿಗೆಯಲ್ಲಿ ಅದರಿಂದ ಒದ್ದೆ ಹೆಚ್ಚುತ್ತದೆ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು, ಒರೆಸಿ ಒಣಗಿಸಿದ ಗೋಡೆಗೆ ನಾಲ್ಕೂ ಅಂಚು ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಿ. ಹನಿಗಳು ಹಾಳೆಯ ಹಿಂದೆ, ಗೋಡೆಯ ಕಡೆ ಕೂತಿದ್ದರೆ ತೇವ ಕಾಂಕ್ರೀಟಿನ ಮೂಲಕ ಬರುತ್ತಿದೆ. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಅದು ಗಾಳಿಯದು. ಎರಡೂ ಕಡೆ ಇದ್ದರೆ ಎರಡೂ ತೊಂದರೆ ಇವೆ, ಹಾಗೂ ಉಂಟು. ಗಾಳಿಯ ತೇವಕ್ಕೆ ಮದ್ದು ಡಿಹ್ಯುಮಿಡಿಫೈಯರ್. ಹತ್ತು ಹದಿನೈದು ಡಾಲರಿನ ತೇವಮಾಪಕ ಒಂದನ್ನು ತಂದಿಟ್ಟು ಸಾಪೇಕ್ಷ ಆರ್ದ್ರತೆಯನ್ನು ಶೇ. 50ರ ಆಸುಪಾಸಿನಲ್ಲಿ ಹಿಡಿದಿಡಿ, ಶೇ. 60 ದಾಟಿದರೆ ಬೂಷ್ಟಿಗೆ ಅನುಕೂಲ. ಇಂಥ ಮನೆಗೆ ಬಸಿಗಾಲುವೆ ಮಾರುವವರಿದ್ದಾರೆ. ಹಾಳೆಯ ಪರೀಕ್ಷೆ ಮಾಡದೆ ಸಹಿ ಹಾಕಬೇಡಿ.

ಗೋಡೆಯ ಮೇಲೆ ಬಿಳಿ ಪುಡಿ ಕಂಡು ಬೂಷ್ಟು ಎಂದು ಹೆದರುವವರು ಅದರ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಕರಗಿ ಮಾಯವಾದರೆ ಅದು ಉಪ್ಪು. ಕಾಂಕ್ರೀಟಿನೊಳಗಿಂದ ನೀರು ಹೊತ್ತು ತಂದು, ತಾನು ಆರಿ, ಉಪ್ಪನ್ನು ಬಿಟ್ಟುಹೋಗಿದೆ. ಆರೋಗ್ಯಕ್ಕೆ ತೊಂದರೆಯಿಲ್ಲ. ಆದರೆ ಆ ಗೋಡೆಯ ಮೂಲಕ ನೀರು ಹಾದುಹೋಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿ, ಎಷ್ಟು ಎತ್ತರದವರೆಗೆ ಎಂಬುದಕ್ಕೂ ಸಾಕ್ಷಿ. ತೊಳೆಯುವ ಮೊದಲು ಫೋಟೋ ತೆಗೆಯಿರಿ.

ನೀರು ಮೊದಲು ಕಾಣಿಸಿದ ಜಾಗ

ನೆಲದಲ್ಲಿ ನಿಂತ ನೀರು ಎಲ್ಲಿದೆ ಎಂಬುದು ಮುಖ್ಯವಲ್ಲ, ನೆಲದ ವಾಟಕ್ಕೆ ಅದು ಎಲ್ಲಿಗೋ ಹರಿದಿರುತ್ತದೆ. ಒರೆಸಿ ಒಣಗಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಲಾಗಿ ಬೆಳಕು ಬಿಟ್ಟು, ಹೊಸದಾಗಿ ಎಲ್ಲಿ ಹೊಳೆಯುತ್ತದೆ ನೋಡಿ.

ಗೋಡೆ ಮತ್ತು ನೆಲದ ಸಂದಿನಲ್ಲಿ ಹೊಳೆದರೆ ಬಸಿಗಾಲುವೆಯ ವ್ಯಾಪ್ತಿಯ ದೋಷ. ಗೋಡೆ ಮೊದಲು, ನೆಲ ಆಮೇಲೆ ಹಾಕುವುದರಿಂದ ಅವೆರಡರ ನಡುವೆ ಸಂದು ಇದ್ದೇ ಇರುತ್ತದೆ. ನೆಲದ ಕಾಂಕ್ರೀಟ್ ಸಾಮಾನ್ಯವಾಗಿ 4 ಇಂಚು ದಪ್ಪ ಮಾತ್ರ. ನೀರು ಒಂದಡಿ ಏರಿದರೆ ಚದರ ಅಡಿಗೆ 62 ಪೌಂಡಿಗೂ ಮಿಕ್ಕಿದ ಒತ್ತಡ. ಗೋಡೆಯ ಹೊರಗೆ ಬೇಸ್ಮೆಂಟ್ ನೆಲದ ಮಟ್ಟಕ್ಕಿಂತ 4 ಅಡಿ ಮೇಲೆ ನೀರು ನಿಂತಿದ್ದರೆ ಬುಡದಲ್ಲಿ ಚದರ ಅಡಿಗೆ ಸುಮಾರು 250 ಪೌಂಡ್. ಸಿಮೆಂಟ್ ಮೆತ್ತಿ, ಜಲನಿರೋಧಕ ಬಣ್ಣ ಬಳಿದು ಇದನ್ನು ಒಳಗಿನಿಂದ ತಡೆಯಲು ಹೋದರೆ ಬಣ್ಣ ಉಬ್ಬಿ ಸಿಪ್ಪೆಯೇಳುತ್ತದೆ.

ಎರಕದ ಕಾಂಕ್ರೀಟ್ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಸಪೂರ ಬಿರುಕು, ಅದರುದ್ದಕ್ಕೂ ನೀರಿನ ಗೆರೆ; ಅಥವಾ ಸಾಲಾಗಿ, ಒಂದೇ ಅಂತರದಲ್ಲಿ ದುಂಡನೆಯ ಒದ್ದೆ ಚುಕ್ಕೆಗಳು. ಮೊದಲನೆಯದಕ್ಕೆ ಪಾಲಿಯುರೆಥೇನ್ ಇಂಜೆಕ್ಷನ್ ಸಾಕು. ಎರಡನೆಯದು ಸೆಂಟ್ರಿಂಗ್ ಹಿಡಿದಿಡಲು ಬಳಸಿದ ಕಂಬಿಯ ತೂತು, ಅವನ್ನು ಒಂದೊಂದಾಗಿ ಮುಚ್ಚಬಹುದು. ಇದಕ್ಕಾಗಿ ಇಡೀ ಮನೆಯ ಸುತ್ತ ನೆಲ ಒಡೆಯುವ ಅಗತ್ಯವಿಲ್ಲ. ಕಿಟಕಿಯ ಕೆಳಗೆ ಮಾತ್ರ ಗೆರೆ ಇದ್ದರೆ ವಿಂಡೋ ವೆಲ್ ನೋಡಿ, ಎಲೆ ತುಂಬಿ ಅದರ ತಳದ ಡ್ರೇನ್ ಕಟ್ಟಿರುತ್ತದೆ.

ನಡುನೆಲದ ಬಿರುಕಿನಲ್ಲಿ ನೀರು ಎದ್ದರೆ ಗೋಡೆಗುಂಟ ಹಾಕಿದ ಪೈಪಿಗೆ ಅದು ಎಟುಕುತ್ತಿಲ್ಲ. ಹಳೆಯ ಮನೆಗಳಲ್ಲಿ ನೆಲದಡಿ ಜಲ್ಲಿಯೇ ಇಲ್ಲದೆ ಜೇಡಿಮಣ್ಣಿನ ಮೇಲೆ ನೇರ ಕಾಂಕ್ರೀಟ್ ಸುರಿದಿರುವುದುಂಟು. ಅಲ್ಲಿ ನೀರು ಅಡ್ಡಕ್ಕೆ ಹರಿದು ಅಂಚಿಗೆ ಬರಲಾರದು. ನಡುವಿನಿಂದ ಗುಂಡಿಗೆ ಅಡ್ಡ ಪೈಪೊಂದನ್ನು ಸೇರಿಸಬೇಕಾಗುತ್ತದೆ.

ನೀರು ನೆಲದ ಜಾಲರಿಯಿಂದ ಮೇಲೆ ಬಂದು ದುರ್ನಾತ ಬೀರುತ್ತಿದ್ದರೆ, ಕೆಳಗಿನ ಟಾಯ್ಲೆಟ್ಟಿನಲ್ಲಿ ಗುಳುಗುಳು ಸದ್ದಾಗುತ್ತಿದ್ದರೆ, ಇಲ್ಲಿಗೇ ನಿಲ್ಲಿಸಿ. ಅದು ಒಳಚರಂಡಿ ಹಿಮ್ಮೊಗವಾಗಿ ಉಕ್ಕಿದ್ದು. ಮಳೆನೀರೂ ಕೊಳಚೆಯೂ ಒಂದೇ ಕೊಳವೆಯಲ್ಲಿ ಹೋಗುವ ಷಿಕಾಗೋದಂಥ ಊರುಗಳಲ್ಲಿ ಇದು ದೊಡ್ಡ ಕಾಟ. 2023ರ ಜುಲೈ 2ರ ಮಳೆಗೆ ಷಿಕಾಗೋದ ಪಶ್ಚಿಮ ಭಾಗದಲ್ಲೂ ಪಕ್ಕದ ಸಿಸೆರೋದಲ್ಲೂ ಅಸಂಖ್ಯ ಬೇಸ್ಮೆಂಟುಗಳು ಹೀಗೆ ತುಂಬಿದವು. ಅದಕ್ಕೆ ಬೇಕಾದದ್ದು ಕೊಳಚೆ ಹಿಂದಕ್ಕೆ ಬಾರದಂತೆ ತಡೆಯುವ ಬ್ಯಾಕ್‌ವಾಟರ್ ವಾಲ್ವ್. ಎಂಥ ಬಸಿಗಾಲುವೆಯೂ ಅದನ್ನು ತಡೆಯಲಾರದು. ಆ ನೀರನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ನೆಲ ಒದ್ದೆ, ಗುಂಡಿ ಖಾಲಿ

ಬಸಿಗಾಲುವೆಯ ದೋಷಗಳಲ್ಲಿ ಅತಿ ಸ್ಪಷ್ಟವಾದದ್ದು ಇದು. ಸಂದಿನಲ್ಲಿ ನೀರು ಒಸರುತ್ತಿದೆ, ಗುಂಡಿಯಲ್ಲಿ ಮಾತ್ರ ಹನಿಯಿಲ್ಲ. ಪಂಪಿನ ತಪ್ಪು ಇದರಲ್ಲಿ ಏನೂ ಇಲ್ಲ. ನೀರು ಪೈಪಿಗೆ ಇಳಿಯುತ್ತಿಲ್ಲ, ಇಲ್ಲವೇ ಪೈಪಿನಲ್ಲಿ ಮುಂದೆ ಸಾಗುತ್ತಿಲ್ಲ.

ಗುಂಡಿಯಿಂದ ಅತಿ ದೂರದ ಮೂಲೆಯಲ್ಲಿ ನೆಲದ ಮಟ್ಟಕ್ಕೆ ಮುಚ್ಚಳವಿರುವ ತಪಾಸಣೆ ಬಾಯಿ, ಕ್ಲೀನ್‌ಔಟ್, ಇದೆಯೇ ನೋಡಿ. ಇದ್ದರೆ ಅಡುಗೆಗೆ ಬಳಸುವ ಕೆಂಪು ಬಣ್ಣವನ್ನು ಒಂದು ಬಕೆಟ್ ನೀರಿಗೆ ಬೆರೆಸಿ ಸುರಿದು, ತೋಟದ ಹೋಸ್‌ನಿಂದ ಸಣ್ಣಗೆ ನೀರು ಬಿಡುತ್ತಾ ಹೋಗಿ. ಇನ್ನೊಬ್ಬರು ಗುಂಡಿಯ ಬಳಿ ಟಾರ್ಚ್ ಹಿಡಿದು ಕಾಯಲಿ. ಬಣ್ಣದ ನೀರು ಕೆಲವೇ ನಿಮಿಷಗಳಲ್ಲಿ ಧಾರಾಳವಾಗಿ ಬಂದರೆ ಪೈಪ್ ಸರಿಯಿದೆ. ತುಂಬಾ ತಡವಾಗಿ ತೊಟ್ಟಿಕ್ಕಿದರೆ ಹೂಳು ತುಂಬಿದೆ, ಅಥವಾ ಪೈಪಿನ ವಾಟ ಕೆಟ್ಟಿದೆ. ಪ್ರತಿ ಅಡಿಗೆ ಎಂಟನೇ ಒಂದು ಇಂಚು ಇಳಿಜಾರು ಇರಬೇಕೆಂಬುದು ಸಾಮಾನ್ಯ ಲೆಕ್ಕ. ಹಾಗಾದರೆ 40 ಅಡಿ ಉದ್ದಕ್ಕೆ 5 ಇಂಚು ಇಳಿಯಬೇಕು. ನೀರು ಬರುವುದೇ ಇಲ್ಲ, ಹಾಕಿದಲ್ಲೇ ಉಕ್ಕಿ ಹೊರಬರುತ್ತದೆ ಎಂದರೆ ಎಲ್ಲೋ ಪೂರ್ತಿ ಕಟ್ಟಿದೆ. ಮೇಲಿನ ಕಾಂಕ್ರೀಟ್ ಹಾಕುವಾಗ ಸಿಮೆಂಟ್ ಹಾಲು ಜಲ್ಲಿಯೊಳಗೆ ಇಳಿದು ಪೈಪಿನ ತೂತುಗಳನ್ನೇ ಮುಚ್ಚಿದ ಮನೆಯನ್ನು ನಾನು ಕಂಡಿದ್ದೇನೆ. ಕ್ಲೀನ್‌ಔಟ್ ಇಟ್ಟೇ ಇಲ್ಲದಿದ್ದರೆ ಗುಂಡಿಯ ಕಡೆಯಿಂದಲೇ ಪೈಪಿನೊಳಗೆ ಕ್ಯಾಮೆರಾ ಬಿಡಿಸಬೇಕು. ಪ್ಲಂಬರುಗಳ ಬಳಿ ಅದು ಇರುತ್ತದೆ. ನೆಲ ಒಡೆಯುವ ಮಾತು ಅದಾದ ಮೇಲೆ.

ಗುಂಡಿಗೆ ಬರುವ ಪೈಪಿನ ಬಾಯಲ್ಲಿ ಕಿತ್ತಳೆ ಬಣ್ಣದ ಲೋಳೆ ಅಂಟಿಕೊಂಡಿದ್ದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ. ಮಣ್ಣಿನ ನೀರಿನಲ್ಲಿ ಕರಗಿದ ಕಬ್ಬಿಣ ಗಾಳಿ ಕಂಡಲ್ಲಿ ಅದು ಬೆಳೆದು, ತೂತುಗಳನ್ನೂ ಪಂಪಿನ ಜಾಲರಿಯನ್ನೂ ಕಟ್ಟುತ್ತದೆ. ಬ್ಲೀಚ್ ಸುರಿದರೆ ತಾತ್ಕಾಲಿಕ ಸಮಾಧಾನ ಅಷ್ಟೇ, ಕಬ್ಬಿಣ ಮಣ್ಣಿನಿಂದ ಬರುತ್ತಲೇ ಇರುತ್ತದೆ. ಒತ್ತಡದ ನೀರಿನಿಂದ ಪೈಪ್ ತೊಳೆಸುವುದನ್ನು ವರ್ಷದ ಕೆಲಸಗಳ ಪಟ್ಟಿಗೆ ಸೇರಿಸಿಕೊಳ್ಳಬೇಕು. ಇಂಥ ಮಣ್ಣಿರುವ ಕಡೆ ಕ್ಲೀನ್‌ಔಟ್ ಇಲ್ಲದ ವ್ಯವಸ್ಥೆಯನ್ನು ಒಪ್ಪಲೇಬಾರದು.

ಪೈಪ್ ಸರಿಯಿದ್ದೂ ಗೋಡೆ ಒದ್ದೆಯೆಂದರೆ ನೀರು ಪೈಪಿಗೆ ಇಳಿಯುವ ಬಾಗಿಲೇ ಇಲ್ಲ ಎಂದಾಯಿತು. ಬ್ಲಾಕ್ ಗೋಡೆಗಳಲ್ಲಿ ಇದು ಸಾಮಾನ್ಯ. ಬ್ಲಾಕಿನ ಒಳಗೆ ಟೊಳ್ಳು. ಹೊರಗಿನ ನೀರು ಆ ಟೊಳ್ಳಿನಲ್ಲಿ ಸಂಗ್ರಹವಾಗಿ ಗೋಡೆ ತಾನೇ ತೊಟ್ಟಿಯಾಗುತ್ತದೆ. ಕೆಳಗಿನ ಸಾಲಿನ ಪ್ರತಿಯೊಂದು ಟೊಳ್ಳಿಗೂ, ನೆಲದ ಮಟ್ಟಕ್ಕಿಂತ ಕೆಳಗೆ, ಬಸಿತೂತು ಕೊರೆದು ನೀರು ಜಲ್ಲಿಗೆ ಇಳಿಯುವಂತೆ ಮಾಡಬೇಕು. ಕೊರೆಯದೆ ಬಿಟ್ಟರೆ ಕೆಳಗಿನ ಎರಡು ಮೂರು ಸಾಲು ಬ್ಲಾಕ್ ಸದಾ ಕಪ್ಪಾಗಿ, ತಣ್ಣಗೆ ಇರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ನೀರು ತುಂಬಿದ ಬ್ಲಾಕಿಗೂ ಅದರ ಮೇಲಿನ ಒಣ ಬ್ಲಾಕಿಗೂ ಸದ್ದಿನಲ್ಲಿ ವ್ಯತ್ಯಾಸ ತಿಳಿಯುತ್ತದೆ. ಗೋಡೆಯ ನೀರನ್ನು ಕೆಳಗಿಳಿಸಲೆಂದು ಉಬ್ಬುಚುಕ್ಕೆಯ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದರೆ ಅದರ ಕೆಳತುದಿ ಹೊಸ ಕಾಂಕ್ರೀಟಿನ ಹಿಂದೆ ಜಲ್ಲಿಯವರೆಗೂ ಇಳಿದಿರಬೇಕು. ನೆಲದ ಮೇಲೆಯೇ ಕತ್ತರಿಸಿ ನಿಲ್ಲಿಸಿದ್ದರೆ ಗೋಡೆಯ ನೀರೆಲ್ಲ ನೆಲಕ್ಕೇ.

ಖರ್ಚು ಕಡಿಮೆಯಾಗಲೆಂದು ಒಂದೇ ಗೋಡೆಗೆ ಬಸಿಗಾಲುವೆ ಹಾಕಿಸಿದ ಮನೆಗಳಲ್ಲಿ ಎರಡು ವರ್ಷದಲ್ಲಿ ಪಕ್ಕದ ಗೋಡೆಯ ಬುಡದಲ್ಲಿ ನೀರು ಕಾಣಿಸಿದರೆ ಅಚ್ಚರಿಯಿಲ್ಲ. ಅದು ಕೆಟ್ಟಿಲ್ಲ, ಚಿಕ್ಕದಾಯಿತು.

ಗುಂಡಿ ತುಂಬಿದೆ, ಪಂಪ್ ಸುಮ್ಮನಿದೆ

ಮೊದಲು ಪ್ಲಗ್. ನಂತರ ಬ್ರೇಕರ್, ಆಮೇಲೆ ಶಾಕ್ ಹೊಡೆಯದಂತೆ ಕರೆಂಟ್ ಕಡಿಯುವ ಜಿಎಫ್‌ಸಿಐ ಪ್ಲಗ್ ಪಾಯಿಂಟಿನ ಬಟನ್. ಇವೆಲ್ಲ ಸರಿಯಿದ್ದರೆ ಫ್ಲೋಟ್, ಅಂದರೆ ನೀರು ಏರಿದಾಗ ತೇಲಿ ಪಂಪನ್ನು ಚಾಲೂ ಮಾಡುವ ಸ್ವಿಚ್. ತಂತಿಗೆ ಕಟ್ಟಿದ ಫ್ಲೋಟ್ ಓಲಾಡಲು ಜಾಗ ಬೇಕು. ಕಿರಿದಾದ ಗುಂಡಿಯಲ್ಲಿ ಅದು ಗೋಡೆಗೋ ಪೈಪಿಗೋ ಸಿಕ್ಕಿಹಾಕಿಕೊಂಡು ಏಳುವುದೇ ಇಲ್ಲ. ಪಂಪ್ ನಡುಗಿ ನಡುಗಿ ಜಾಗ ಬದಲಿಸಿದ ಮೇಲೆ ಹೀಗಾಗುವುದು ಹೆಚ್ಚು. ಕಿರಿದಾದ ಗುಂಡಿಗೆ ಮೇಲೆ ಕೆಳಗೆ ನೇರ ಸರಿಯುವ ಫ್ಲೋಟೇ ಸರಿ.

ಫ್ಲೋಟ್ ಕೆಟ್ಟಿದೆಯೋ ಮೋಟಾರ್ ಕೆಟ್ಟಿದೆಯೋ ಎಂದು ತಿಳಿಯಲು ಪ್ಲಗ್ ಗಮನಿಸಿ. ಬಹಳಷ್ಟು ಪಂಪುಗಳಲ್ಲಿ ಫ್ಲೋಟಿನ ಪ್ಲಗ್ಗಿನ ಬೆನ್ನಿಗೆ ಪಂಪಿನ ಪ್ಲಗ್ ಚುಚ್ಚಿರುತ್ತಾರೆ. ಪಂಪಿನದನ್ನು ಬಿಡಿಸಿ ನೇರ ಗೋಡೆಯ ಪಾಯಿಂಟಿಗೆ ಹಾಕಿ. ಓಡಿದರೆ ಫ್ಲೋಟ್ ಮಾತ್ರ ಬದಲಿಸಿ, ಕಡಿಮೆ ಹಣದಲ್ಲಿ ಮುಗಿಯುತ್ತದೆ. ಗುಂಯ್ ಎಂದು ಓಡದೆ ನಿಂತರೆ ಒಳಗಿನ ಚಕ್ರಕ್ಕೆ ಕಲ್ಲೋ ನಾರೋ ಸಿಕ್ಕಿದೆ. ಪ್ಲಗ್ ಕಿತ್ತು, ಪಂಪ್ ಎತ್ತಿ, ತಳದ ಜಾಲರಿ ಬಿಚ್ಚಿ ತೆಗೆಯಿರಿ. ಸದ್ದೇ ಇಲ್ಲದಿದ್ದರೆ, ಪಂಪಿಗೆ ಏಳೆಂಟು ವರ್ಷವೂ ಆಗಿದ್ದರೆ, ಹೊಸದನ್ನು ತನ್ನಿ. ವಾಷಿಂಗ್ ಮೆಷೀನಿನ ನೀರನ್ನು ಈ ಗುಂಡಿಗೆ ಬಿಟ್ಟಿದ್ದರೆ ಅದನ್ನು ಮೊದಲು ತಪ್ಪಿಸಿ, ಬಟ್ಟೆಯ ಎಳೆ ಪಂಪಿನ ದೊಡ್ಡ ಶತ್ರು.

ಪಂಪ್ ಓಡುತ್ತಿದೆ, ನೀರು ಇಳಿಯುತ್ತಿಲ್ಲ

ಇದು ಆತುರದ ಸ್ಥಿತಿ. ನೀರಿಲ್ಲದೆ ಅಥವಾ ಕಟ್ಟಿದ ಪೈಪಿಗೆ ಓಡುವ ಮೋಟಾರ್ ಬೇಗ ಸುಟ್ಟುಹೋಗುತ್ತದೆ. ಹೊರಗೆ ಹೋಗಿ ಪೈಪಿನ ತುದಿಯಲ್ಲಿ ನೀರು ಬರುತ್ತಿದೆಯೇ ನೋಡಿ.

ಜನವರಿಯಾಗಿದ್ದರೆ ಮೊದಲ ಅನುಮಾನ ಹೆಪ್ಪುಗಟ್ಟಿದ ಪೈಪಿನ ಮೇಲೆ. ನೆಲದಲ್ಲಿ ಮೇಲ್ಮೇಲೆ ಹೂತ, ಇಳಿಜಾರಿಲ್ಲದ, ಒಳಗೆ ಮಡಿಕೆಯಿರುವ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ನಿಂತು ಗಟ್ಟಿಯಾಗುತ್ತದೆ. ತಾತ್ಕಾಲಿಕವಾಗಿ ಮನೆಯ ಹೊರಗೋಡೆಯ ಬಳಿ ಪೈಪ್ ಬಿಚ್ಚಿ ನೀರನ್ನು ಅಂಗಳಕ್ಕೆ ಬಿಡಿ. ಶಾಶ್ವತಕ್ಕೆ, ಗೋಡೆ ದಾಟಿದ ಕೂಡಲೇ ಸೀಳುಗಳಿರುವ ಜೋಡಣೆಯೊಂದನ್ನು ಹಾಕಿಸಿ. ಮುಂದೆ ಕಟ್ಟಿದರೂ ನೀರು ಅಲ್ಲಿಂದ ಹೊರಚೆಲ್ಲಿ ಪಂಪ್ ಉಳಿಯುತ್ತದೆ.

ಹೊಸ ಪಂಪೋ, ಎತ್ತಿದ ನೀರು ಗುಂಡಿಗೆ ವಾಪಸ್ ಬೀಳದಂತೆ ತಡೆಯುವ ಹೊಸ ಚೆಕ್ ವಾಲ್ವೋ ಹಾಕಿದ ಮಾರನೇ ದಿನವೇ ಹೀಗಾದರೆ ವಾಲ್ವ್ ತಲೆಕೆಳಗಾಗಿದೆಯೇ ನೋಡಿ. ಅದರ ಮೈಮೇಲಿನ ಬಾಣ ಮೇಲಕ್ಕೆ, ನೀರು ಹೋಗುವ ದಿಕ್ಕಿಗೆ ಇರಬೇಕು. ಬಾಣ ಸರಿಯಿದ್ದರೆ ಗಾಳಿ ಸಿಕ್ಕಿಕೊಂಡಿದೆ. ಪಂಪ್ ಮತ್ತು ವಾಲ್ವಿನ ನಡುವಿನ ಪೈಪಿನಲ್ಲಿ ಗಾಳಿ ನಿಂತರೆ ಪಂಪ್ ಗಾಳಿಯನ್ನೇ ಕಡೆಯುತ್ತಿರುತ್ತದೆ, ನೀರು ಏರುವುದಿಲ್ಲ. ಅದಕ್ಕೆಂದೇ ಆ ತುಂಡಿನಲ್ಲಿ, ಗುಂಡಿಯ ಮುಚ್ಚಳದ ಕೆಳಗೆ, ಎಂಟನೇ ಒಂದು ಇಂಚಿನಿಂದ ಹದಿನಾರನೇ ಮೂರು ಇಂಚಿನವರೆಗಿನ ಒಂದು ಸಣ್ಣ ತೂತು ಕೊರೆದಿರಬೇಕು. ಕೆಲವು ಪಂಪುಗಳ ಮೈಯಲ್ಲೇ ಅದು ಇರುತ್ತದೆ, ಪಂಪಿನ ಜೊತೆ ಬಂದ ಕಾಗದ ಓದಿ. ಪಂಪ್ ಓಡುವಾಗ ಆ ತೂತಿನಿಂದ ಸಣ್ಣ ಧಾರೆ ಗುಂಡಿಯೊಳಗೇ ಚಿಮ್ಮುತ್ತದೆ. ಸೋರುತ್ತಿದೆ ಎಂದುಕೊಂಡು ಅದಕ್ಕೆ ಟೇಪ್ ಸುತ್ತುವವರಿದ್ದಾರೆ, ದಯವಿಟ್ಟು ಸುತ್ತಬೇಡಿ.

ಎಲ್ಲವೂ ಸರಿಯಿದ್ದೂ ನೀರು ಏರುತ್ತಲೇ ಇದ್ದರೆ ಪಂಪಿನ ಶಕ್ತಿ ಸಾಲದು. ಅಳೆಯುವ ಬಗೆ ಹೀಗೆ: ನೀರಿನ ಮಟ್ಟ ಒಳಬರುವ ಪೈಪಿನ ಬಾಯಿಗಿಂತ ಕೆಳಗಿರುವಾಗ ಪಂಪಿನ ಪ್ಲಗ್ ಕಿತ್ತು, ಒಂದು ನಿಮಿಷದಲ್ಲಿ ಎಷ್ಟು ಇಂಚು ಏರುತ್ತದೆ ನೋಡಿ. 18 ಇಂಚು ವ್ಯಾಸದ ಗುಂಡಿಯಲ್ಲಿ ಒಂದು ಇಂಚಿಗೆ ಸುಮಾರು 1.1 ಗ್ಯಾಲನ್, 24 ಇಂಚಿನದರಲ್ಲಿ ಸುಮಾರು 2 ಗ್ಯಾಲನ್. ನಿಮಿಷಕ್ಕೆ 10 ಇಂಚು ಏರಿದರೆ ಚಿಕ್ಕ ಗುಂಡಿಗೆ 11 ಗ್ಯಾಲನ್ ಬರುತ್ತಿದೆ. ಗುಂಡಿಯ ಗೋಡೆಯಲ್ಲಿ ತೂತುಗಳಿದ್ದರೆ ಸುತ್ತಲಿನ ಜಲ್ಲಿಯಲ್ಲೂ ನೀರು ತುಂಬುವುದರಿಂದ ನಿಜವಾದ ಅಂಕಿ ಇದಕ್ಕಿಂತ ಹೆಚ್ಚು. ಇದನ್ನು ಪಂಪಿನ ಕೋಷ್ಟಕದಲ್ಲಿ 10 ಅಡಿ ಎತ್ತರಕ್ಕೆ ಕೊಟ್ಟ ಅಂಕಿಯ ಜೊತೆ ಹೋಲಿಸಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವುದು ಎತ್ತರವೇ ಇಲ್ಲದಾಗಿನ ಅಂಕಿ, ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಪಂಪ್ ನಿಲ್ಲುವುದೇ ಇಲ್ಲ

ಪಂಪ್ ನಿಂತ ಕ್ಷಣ ಗುಂಡಿಯನ್ನು ನೋಡುತ್ತಿರಿ. ನಿಂತ ಕೂಡಲೇ ನೀರು ಒಂದು ಇಂಚಿನಷ್ಟು ಧುಮುಕಿ ಏರಿದರೆ ಚೆಕ್ ವಾಲ್ವ್ ಹಿಡಿಯುತ್ತಿಲ್ಲ. ಒಂದೂವರೆ ಇಂಚಿನ ಪೈಪಿನ 10 ಅಡಿಯಲ್ಲಿ ಹೆಚ್ಚುಕಡಿಮೆ ಒಂದು ಗ್ಯಾಲನ್ ನೀರಿರುತ್ತದೆ. ಅಷ್ಟೂ ವಾಪಸ್ ಬೀಳುತ್ತದೆ, ಪಂಪ್ ಅದನ್ನೇ ಮತ್ತೆ ಮತ್ತೆ ಎತ್ತುತ್ತದೆ.

ವಾಲ್ವ್ ಸರಿಯಿದ್ದರೆ ಹೊರಗೆ ಹೋಗಿ. ಪಂಪ್ ಚೆಲ್ಲಿದ ನೀರು ಗೋಡೆಯ ಬುಡಕ್ಕೇ ಮರಳಿ ಇಳಿದು ಮತ್ತೆ ಗುಂಡಿಗೆ ಬರುತ್ತಿರಬಹುದು. ಗುಂಡಿಗೆ ಬಣ್ಣ ಹಾಕಿ ಹೊರಗೆ ಪಂಪ್ ಮಾಡಿಸಿ, ಗುಂಡಿಯ ನೀರು ತಿಳಿಯಾದ ಮೇಲೆ ಅದೇ ಬಣ್ಣ ಮತ್ತೆ ಪೈಪಿನ ಬಾಯಲ್ಲಿ ಬಂದರೆ ಅನುಮಾನ ತೀರಿತು. ತುದಿಯನ್ನು ಪಾಯದಿಂದ ಕನಿಷ್ಠ 10 ಅಡಿ ಆಚೆ, ಇಳಿಜಾರಿರುವ ಕಡೆಗೆ ಒಯ್ಯಿರಿ. ನೆರೆಯವರ ಅಂಗಳಕ್ಕೆ ಬಿಡಬೇಡಿ. ಒಳಚರಂಡಿಗೆ ಜೋಡಿಸುವುದನ್ನು ಬಹಳಷ್ಟು ಊರುಗಳು ನಿಷೇಧಿಸಿವೆ, ದಂಡವೂ ಇದೆ.

ಇನ್ನೊಂದು ಕಾರಣ ಬಹಳ ಜನರಿಗೆ ಹೊಳೆಯುವುದಿಲ್ಲ. ಅಂತರ್ಜಲವೇ ಮೇಲಿರುವ ಜಾಗದಲ್ಲಿ ಗುಂಡಿಯನ್ನು ತೀರಾ ಆಳಕ್ಕೆ ಇಳಿಸಿ, ಫ್ಲೋಟನ್ನು ತಳದಲ್ಲಿ ಇಟ್ಟಿದ್ದರೆ ಪಂಪ್ ಇಡೀ ಬಡಾವಣೆಯ ನೀರನ್ನು ಖಾಲಿ ಮಾಡಲು ಹೊರಟಂತಾಗುತ್ತದೆ. ಫ್ಲೋಟನ್ನು ಸ್ವಲ್ಪ ಸ್ವಲ್ಪ ಮೇಲೆ ಸರಿಸಿ ಒಂದು ದಿನ ನೋಡಿ. ನೀರು ಬಸಿಪೈಪಿನ ತಳಕ್ಕಿಂತ ಕೆಳಗಿದ್ದರೆ ಸಾಕು, ಅದಕ್ಕಿಂತ ಇಳಿಸಬೇಕಾಗಿಲ್ಲ.

ಮನೆಯ ಹೊರಗೆ

ಒಳಗಿನದೆಲ್ಲ ಸರಿಯಿದ್ದೂ ಪ್ರತಿ ಮಳೆಗೂ ಪಂಪ್ ಏದುಸಿರು ಬಿಡುತ್ತಿದ್ದರೆ ಹೊರೆ ಕಡಿಮೆ ಮಾಡಬೇಕಾದದ್ದು ಹೊರಗೆ. 1000 ಚದರ ಅಡಿ ಸೂರಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 620 ಗ್ಯಾಲನ್ ನೀರು. ಅದು ನಾಲ್ಕು ಡೌನ್‌ಸ್ಪೌಟುಗಳಲ್ಲಿ ಪಾಯದ ಬುಡಕ್ಕೇ ಬಿದ್ದರೆ ಯಾವ ಬಸಿಗಾಲುವೆಗೂ ಉಸಿರಾಡಲು ಬಿಡುವಿರುವುದಿಲ್ಲ. ಡೌನ್‌ಸ್ಪೌಟಿಗೆ ಉದ್ದದ ತುಂಡು ಸೇರಿಸುವುದು ಶನಿವಾರ ಬೆಳಗಿನ ಕೆಲಸ. ಪಾಯದ ಸುತ್ತಲಿನ ಮಣ್ಣು ಮೊದಲ 10 ಅಡಿಯಲ್ಲಿ 6 ಇಂಚು ಇಳಿಯುವಂತಿರಬೇಕು ಎಂದು ಇಲ್ಲಿನ ವಸತಿ ಕಟ್ಟಡ ಸಂಹಿತೆ ಹೇಳುತ್ತದೆ. ಕಟ್ಟುವಾಗ ತುಂಬಿದ ಮಣ್ಣು ವರ್ಷಗಳಲ್ಲಿ ಕುಸಿದು ವಾಟ ಮನೆಯ ಕಡೆಗೇ ತಿರುಗಿರುತ್ತದೆ. ಹೂವಿನ ಗಿಡಗಳಿಗೆಂದು ಗೋಡೆಗುಂಟ ಕಟ್ಟಿದ ಏರಿಯೂ ನೀರನ್ನು ಹಿಡಿದು ನಿಲ್ಲಿಸುತ್ತದೆ. ನನ್ನ ಗಟ್ಟಿ ಅಭಿಪ್ರಾಯ: ಇದನ್ನು ಸರಿಮಾಡಿ ಒಂದು ದೊಡ್ಡ ಮಳೆ ನೋಡುವವರೆಗೆ ಒಳಗಿನ ಯಾವ ದೊಡ್ಡ ಕೆಲಸಕ್ಕೂ ಒಪ್ಪಬೇಡಿ.

ಕರೆಂಟ್ ಹೋದಾಗ

ಜೋರು ಮಳೆಗಾಳಿಗೇ ಕರೆಂಟ್ ಹೋಗುವುದು, ಆಗಲೇ ಪಂಪ್ ಬೇಕಾಗುವುದು. ಬ್ಯಾಟರಿ ಪಂಪ್ ಇದ್ದವರು ತಿಂಗಳಿಗೊಮ್ಮೆ ಮುಖ್ಯ ಪಂಪಿನ ಪ್ಲಗ್ ಕಿತ್ತು, ಗುಂಡಿಗೆ ನೀರು ಸುರಿದು ಅದು ಎದ್ದು ಓಡುತ್ತದೆಯೇ ನೋಡಿ. ಬ್ಯಾಟರಿಗೆ ಮೂರರಿಂದ ಐದು ವರ್ಷ ಆಯುಸ್ಸು. ನಗರದ ನೀರಿನ ಒತ್ತಡದಿಂದಲೇ ಓಡುವ ಪಂಪೂ ಇದೆ. ಬೋರ್‌ವೆಲ್ ನೀರಿರುವ ಮನೆಗೆ ಅದು ಆಗುವುದಿಲ್ಲ, ಕರೆಂಟ್ ಹೋದರೆ ಆ ನೀರೂ ನಿಲ್ಲುತ್ತದೆ. ವಿಮೆ ಕಾಗದವನ್ನೂ ಒಮ್ಮೆ ತೆರೆಯಿರಿ. ಸಾಮಾನ್ಯ ಮನೆ ವಿಮೆಯಲ್ಲಿ ಸಂಪ್ ಉಕ್ಕಿದ ನಷ್ಟ ಸೇರಿರುವುದಿಲ್ಲ, ಅದಕ್ಕೆ ಪ್ರತ್ಯೇಕ ಸೇರ್ಪಡೆ ಕೊಳ್ಳಬೇಕು.

ಬಸಿಗಾಲುವೆಯ ಕೈಮೀರಿದ್ದು

ಬ್ಲಾಕ್ ಗೋಡೆಯ ಮಧ್ಯದಲ್ಲಿ ಅಡ್ಡಲಾಗಿ ಉದ್ದದ ಬಿರುಕು, ಮೆಟ್ಟಿಲಿನಾಕಾರದ ಬಿರುಕು, ಗೋಡೆ ಒಳಕ್ಕೆ ಉಬ್ಬಿದ್ದು ಕಂಡರೆ ಅದು ಕಟ್ಟಡದ ಬಲದ ಪ್ರಶ್ನೆ. ಗೋಡೆಯ ಒಂದು ತುದಿಯಿಂದ ಇನ್ನೊಂದಕ್ಕೆ ದಾರ ಬಿಗಿದು ನಡುವೆ ಎಷ್ಟು ಒಳಬಂದಿದೆ ಅಳೆದಿಡಿ. ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ. ರಿಪೇರಿ ಕಂಪನಿಯ ಪ್ರತಿನಿಧಿಯನ್ನಲ್ಲ, ವರದಿ ಬರೆದುಕೊಟ್ಟು ಫೀಸು ಪಡೆಯುವವರನ್ನು. ಅಂಥ ಗೋಡೆಯ ಬುಡವನ್ನು ನೆಲದ ಕಾಂಕ್ರೀಟೇ ಆನಿಸಿ ಹಿಡಿದಿರುತ್ತದೆ. ಅದನ್ನು ಉದ್ದಕ್ಕೂ ಒಮ್ಮೆಲೇ ಒಡೆದರೆ ಗೋಡೆ ಸರಿಯಬಹುದು. ಸರಿಯಿರುವ ಗೋಡೆಯಲ್ಲೂ ಅಗೆತ ಫೂಟಿಂಗಿನ ತಳಕ್ಕಿಂತ ಕೆಳಗೆ ಹೋಗಬಾರದು. ಕೆಲಸದವರು ಅಗೆಯುವಾಗ ನೀವು ಹತ್ತಿರ ನಿಂತು ನೋಡಿ, ಫೋಟೋ ತೆಗೆಯಿರಿ.

ಗುಂಡಿಯ ಮುಚ್ಚಳ ಗಾಳಿಯಾಡದಂತೆ ಬಿಗಿಯಾಗಿರಲಿ. ನೆಲ ಒಡೆದಲ್ಲೆಲ್ಲ ಮಣ್ಣಿನಿಂದ ಏಳುವ ವಿಕಿರಣಶೀಲ ರೇಡಾನ್ ಅನಿಲಕ್ಕೂ ಒಳಗೆ ಬರಲು ಅವಕಾಶವಾಗುತ್ತದೆ. ಕೆಲಸ ಮುಗಿದ ಮೇಲೆ ರೇಡಾನ್ ಕಿಟ್ ತಂದು ಅಳೆಯಿರಿ. ಲೀಟರಿಗೆ 4 ಪಿಕೋಕ್ಯೂರಿ ಅಥವಾ ಹೆಚ್ಚು ಬಂದರೆ ಕ್ರಮ ತೆಗೆದುಕೊಳ್ಳಿ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸೂಚನೆ.

ಗೋಡೆ ಮುಚ್ಚುವ ಮೊದಲು

ಒದ್ದೆಯಾದ ಕಾರ್ಪೆಟ್ಟು, ಗೋಡೆಗೆ ಹೊದಿಸಿದ ಜಿಪ್ಸಮ್ ಹಲಗೆಯ ಡ್ರೈವಾಲ್‌ಗಳನ್ನು 24ರಿಂದ 48 ಗಂಟೆಯೊಳಗೆ ಒಣಗಿಸಲು ಆಗದಿದ್ದರೆ ತೆಗೆದುಹಾಕಿ. ಡ್ರೈವಾಲ್ ನೀರನ್ನು ಮೇಲಕ್ಕೆ ಹೀರುತ್ತದೆ, ಆದ್ದರಿಂದ ನೀರು ಕಂಡ ಮಟ್ಟಕ್ಕಿಂತ ಒಂದಡಿಯಾದರೂ ಮೇಲೆ ಕತ್ತರಿಸಿ. ದೋಷ ಸಿಕ್ಕಿತು, ಸರಿಯಾಯಿತು ಎನಿಸಿದ ಮೇಲೂ ಹೊಸ ಡ್ರೈವಾಲ್ ಹಾಕಲು ಅವಸರ ಬೇಡ. ಚಳಿಗಾಲ ಕಳೆದು ಹಿಮ ಕರಗುವ ಒಂದು ವಸಂತವನ್ನು ಗೋಡೆ ಬೆತ್ತಲಾಗಿಯೇ ದಾಟಲಿ. ಹಾಕುವಾಗ ನೆಲದಿಂದ ಅರ್ಧ ಇಂಚು ಮೇಲೆ ನಿಲ್ಲಿಸಿ. ಪ್ರತಿ ಕ್ಲೀನ್‌ಔಟಿನ ಎದುರಿಗೂ ತೆಗೆದು ಹಾಕಬಹುದಾದ ಬಾಗಿಲು ಇಡಿಸಿ, ಪೈಪ್ ಎಲ್ಲಿ ಹಾದಿದೆ, ವಾಟ ಯಾವ ಕಡೆಗೆ, ಬಸಿತೂತು ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ಬ್ರೇಕರ್ ಪ್ಯಾನೆಲ್ಲಿನ ಬಾಗಿಲ ಒಳಗೆ ಅಂಟಿಸಿಡಿ.